ತಗೊಂಡವನೇ ವಾಪಸ್ ಕೊಡಬೇಕು

ಮೇಷ್ಟ್ರು ಹೋದರು ಅನ್ನುವ ಸುದ್ದಿ ನನಗೆ ಸಿಕ್ಕಿದ್ದು ಮದ್ದೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಹೇಳಿದವನು ನಮ್ಮ ವಿದ್ಯುತ್ ಇಲಾಖೆಯಲ್ಲೇ ಗುಮಾಸ್ತನಾಗಿದ್ದು ನಿವೃತ್ತನಾದವನು. "ಗೊತ್ತಾಯ್ತಾ? ಆವಯ್ಯ ಓಗ್ಬುಟ್ನಂತೆ. ಮಂತ್ರಿ ಸ್ವಿಚ್ ಒತ್ತಿದಾಗ ಕರೆಂಟು ಕೊಡ್ದೆ ಎಲ್ಲಾರ ಮಾನ ಕಳುದ್ನಲ್ಲ, ಮಳವಳ್ಳಿ ಮೇಷ್ಟ್ರು" ಎಂದು ಲೋಟ ಊದುತ್ತಾ ನಕ್ಕ. ನಾನು ಟೀ ಲೋಟ ಕೆಳಗಿಟ್ಟೆ. ಒಬ್ಬ ಮನುಷ್ಯ ಅಷ್ಟು ವರ್ಷ ಬದುಕಿ, ಊರೂರಿನ ಹುಡುಗರನ್ನು ಕಂಬ ಹತ್ತಿಸಿ ಕ್ಷೇಮವಾಗಿ ಇಳಿಸಿ, ಕೊನೆಗೆ ಒಂದು ಮಧ್ಯಾಹ್ನದ ಲೆಕ್ಕದಲ್ಲಿ ಉಳಿಯಬೇಕೆ? "ಸುಮ್ಕೆ ಟೀ ಕುಡಿಯಯ್ಯ" ಎಂದು ಅವನಿಗೆ ಹೇಳಿ ಎದ್ದುಬಂದೆ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಮೇಷ್ಟ್ರ ಮೇಲೆಯೇ ಸಿಟ್ಟು ಬಂತು. ಇದು ಹೊಸ ಸಿಟ್ಟಲ್ಲ. ಇಪ್ಪತ್ತರ ಪ್ರಾಯದಿಂದ ಸಾಕಿಕೊಂಡು ಬಂದ ಸಿಟ್ಟು. ಇಷ್ಟು ಹಟಮಾರಿ, ಇಷ್ಟು ಬಾಯಿಬಡುಕ, ಇಷ್ಟು ಸರಿಯಾದ ಮನುಷ್ಯನ ಕೈಗೆ ಸಿಕ್ಕಿದವನಿಗೆ ಬೇರೆ ಏನು ತಾನೇ ಉಳಿದೀತು?

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಇಲಾಖೆಯ ಪ್ರಕಾರ ಅವರು ಸೂಪರ್‌ವೈಸರು. ಆದರೆ ಮಳವಳ್ಳಿ ಸಬ್ ಸ್ಟೇಷನ್ನಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮಂಥ ಹುಡುಗರಿಗೆ ಲೈನ್ ಕೆಲಸ ಕಲಿಸುತ್ತಿದ್ದರಿಂದ ಊರಿಗೆಲ್ಲ ಮೇಷ್ಟ್ರು. ಎಪ್ಪತ್ತರ ದಶಕದ ನಡುವಿನ ಮಾತು. ಎಲ್ಲಿ ನೋಡಿದರೂ ಪಂಪ್‌ಸೆಟ್ಟು, ಎಲ್ಲಿ ನೋಡಿದರೂ ಹೊಸ ಕಂಬ. ನಮ್ಮೂರಿಗೆ ಕರೆಂಟು ಯಾವಾಗ ಎಂದು ಹಳ್ಳಿಯವರು ಆಫೀಸಿನ ಮುಂದೆ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು. ತಂತಿ ಎಳೆಯಲು ಜನ ಸಾಲದು. ಅಲ್ಲಿಯವರೆಗೆ ಲೈನ್‌ಮನ್ ಆಗುತ್ತಿದ್ದ ಬಗೆ ಹೇಗೆಂದರೆ, ಹುಡುಗ ಹಗ್ಗ ಹೊತ್ತುಕೊಂಡು ಹಳೇ ಲೈನ್‌ಮನ್ನಿನ ಹಿಂದೆ ತಿರುಗುವುದು, ಅವನು ಮಾಡಿದ್ದು ನೋಡುವುದು, ಒಂದು ದಿನ ತಾನೇ ಹತ್ತುವುದು. ಬದುಕಿ ಇಳಿದರೆ ಕಲಿತ ಹಾಗೆ. ಇದನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. "ಎತ್ತು ಪಳಗ್ಸಕ್ಕೆ ನೊಗ ಕಟ್ಟಿ ಒಂದು ಬೇಸಾಯ ಕಾಯ್ತೀರಿ, ಮನ್ಸನ್ನ ನಾಳೀಕೇ ಕಂಬ ಅತ್ತುಸ್ತೀರಿ" ಎಂದು ಸಾಹೇಬರ ಎದುರಿಗೇ ಅಂದವರು. ಅಂದೂ ಅಂದೂ ಆ ಶೆಡ್ಡು ಗಿಟ್ಟಿಸಿಕೊಂಡಿದ್ದರು. ಅದನ್ನು ಅವರು 'ಇಸ್ಕೂಲು' ಅನ್ನುತ್ತಿದ್ದರು. ಇಲಾಖೆಯ ಕಡತದಲ್ಲಿ ಅದು ಬರೀ ಶೆಡ್ಡು.

ಕುಳ್ಳಗಿನ ಆಳು. ಅರ್ಧ ತೋಳಿನ ಬುಷ್ ಕೋಟು, ಕಾಲಿಗೆ ದಪ್ಪ ಚಪ್ಪಲಿ. ಏನನ್ನೇ ಮುಟ್ಟಬೇಕಾದರೂ ಮೊದಲು ಅಂಗೈ ಚಾಚುತ್ತಿರಲಿಲ್ಲ, ಮುಂಗೈ ತಿರುಗಿಸಿ ಬೆರಳ ಹಿಂಬದಿಯಿಂದ ತಾಕಿಸಿ ನೋಡುತ್ತಿದ್ದರು. ಕರೆಂಟು ಇದ್ದರೆ ಅಂಗೈ ಹಿಡಿದುಕೊಂಡುಬಿಡುತ್ತದೆ, ಹಿಂಬದಿಯಾದರೆ ಕೈ ಒದರಿಕೊಳ್ಳುತ್ತದೆ ಎಂಬುದು ಹಳಬರ ನಂಬಿಕೆ. ಸರಿಯಪ್ಪ, ತಂತಿಗೆ ಆಯಿತು. ಇವರು ಬಾಗಿಲ ಚಿಲಕವನ್ನೂ, ಟೀ ಲೋಟವನ್ನೂ, ಸಂತೆಯಲ್ಲಿ ಹಲಸಿನ ಹಣ್ಣನ್ನೂ ಹಾಗೇ ಮುಟ್ಟುತ್ತಿದ್ದರು. ಹಲಸು ಮಾರುವ ಹೆಂಗಸು ಒಮ್ಮೆ, "ಕಚ್ಚಕಿಲ್ಲ, ನೆಟ್ಟಗೆ ಇಡ್ಕಳಿ ಸಾಮಿ" ಎಂದು ನಗಾಡಿದ್ದಳು.

ಶೆಡ್ಡಿನ ಅಂಗಳದಲ್ಲಿ ಒಂದು ಕಂಬ ನೆಡಿಸಿದ್ದರು. ಅದಕ್ಕೆ ತಂತಿ ಉಂಟು, ಕರೆಂಟಿಲ್ಲ. ಅದರ ಮೇಲೆ ನಮ್ಮನ್ನು ಹತ್ತಿಸಿ, ಕೈಗೆ ಕೆಲಸ ಕೊಟ್ಟು, ಕೆಳಗೆ ನಿಂತು ಶುರು ಮಾಡುತ್ತಿದ್ದರು. "ಲೋ, ನಿಮ್ಮವ್ವ ಬಂದವ್ಳೆ ಕಣ್ಲಾ, ನೋಡ್ಲಾ!" "ಲೇ ಬಡ್ಡೀಮಗನೆ, ನಮ್ ಗದ್ದೆ ಒಣಗ್ತಾ ಐತೆ, ಬೇಗ ಕಟ್ಟಿ ಇಳಿಯೋ!" ಅವಮಾನ, ಆಸೆ, ಸುಳ್ಳು, ಎಲ್ಲಾ ಬಳಸುತ್ತಿದ್ದರು. ತಲೆ ಬಗ್ಗಿಸಿ ಕೆಳಗೆ ನೋಡಿದವನೋ, ಬಾಯಿ ಬಿಟ್ಟು ಉತ್ತರ ಕೊಟ್ಟವನೋ ಆವತ್ತಿಗೆ ಫೇಲು. ಮದ್ದೂರಿನ ಸಿದ್ದರಾಜು ನಮ್ಮ ಗುಂಪಿನ ವಾಚಾಳಿ, ಒಂದು ಬೈಗುಳಕ್ಕೆ ಎರಡು ವಾಪಸ್ ಕೊಡದಿದ್ದರೆ ಅವನಿಗೆ ಅನ್ನ ಅರಗದು. ದಿನಾ ಫೇಲಾಗುತ್ತಿದ್ದ. ನನಗೆ ಒಂದು ದಿನ, "ನಿನ್ ಸೈಕಲ್ಲು ಯಾವನೋ ತುಳ್ಕಂಡು ಓಯ್ತಾವ್ನೆ ಕಣ್ಲಾ!" ಎಂದು ಕೂಗಿದರು. ನಾನು ಹಲ್ಲು ಕಚ್ಚಿಕೊಂಡು ಗಂಟು ಬಿಗಿದೆ, ಬಗ್ಗಿ ನೋಡಲಿಲ್ಲ. ಇಳಿದಾಗ ಸೈಕಲ್ಲು ನಿಜಕ್ಕೂ ಇರಲಿಲ್ಲ. ಮೇಷ್ಟ್ರೇ ತುಳಿದುಕೊಂಡು ಸಂತೆಗೆ ಹೋಗಿದ್ದರು. ಸೊಪ್ಪಿನ ಕಟ್ಟು ನೇತುಹಾಕಿಕೊಂಡು ಬಂದು, "ನೀನು ಪಾಸು" ಎಂದರು. ಆ ಹೊತ್ತಿನಲ್ಲಿ ಅವರ ಕತ್ತು ಹಿಸುಕಬೇಕು ಅನ್ನಿಸಿತ್ತು.

"ಇದೆಲ್ಲಾ ಯಾಕೆ ಮೇಷ್ಟ್ರೇ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಕಂಬದ ಮ್ಯಾಲೆ ಇರೋನಿಗೆ ಎರಡೇ ಕೈ ಕಣ್ಲಾ. ಕೆಳಗೆ ಇರೋರ್ಗೆ ಊರಗಲ ಬಾಯಿ. ಬಾಯಿಗೆ ಕೈ ಕೊಟ್ರೆ ಸತ್ತೋಯ್ತೀಯ."

ರಬ್ಬರ್ ಗ್ಲೌಸು ಬಂದರೆ ಅದಕ್ಕೂ ಪರೀಕ್ಷೆ. ಗ್ಲೌಸಿನ ಬಾಯನ್ನು ಸುತ್ತಿ ಗಾಳಿ ಹಿಡಿದು, ಒತ್ತಿ, ಕೆನ್ನೆಯ ಹತ್ತಿರ ಇಟ್ಟುಕೊಂಡು ಎಲ್ಲಾದರೂ ಉಸಿರು ಬರುತ್ತದೆಯೇ ಎಂದು ನೋಡಬೇಕು. ಒಂದು ಸಲ ಹೊಸದಾಗಿ ಬಂದ ಮೂಟೆಯಲ್ಲಿ ಅರ್ಧಕ್ಕರ್ಧ ಆಚೆ ಎಸೆದರು. ಆ ವಾರ ಕೆಲಸ ನಿಂತಿತು, ಮೇಲಿನಿಂದ ಬೈಗುಳ ಬಂತು. ಕಬ್ಬಿಗೆ ನೀರು ಹಾಯಿಸಲಾಗದ ರೈತರು ನಮ್ಮನ್ನು ರಸ್ತೆಯಲ್ಲಿ ಅಡ್ಡಗಟ್ಟಿ ಉಗಿದರು. ಮೇಷ್ಟ್ರಿಗೆ ಅದೆಲ್ಲ ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ. ಉಗುಳು ಒರೆಸಿಕೊಳ್ಳಬೇಕಾದವರು ನಾವು.

ಅವರ ಬಾಲ್ಯವೆಲ್ಲ ಶಿವನಸಮುದ್ರದ ಹತ್ತಿರದ ಬ್ಲಫ್ ಎಂಬ ಊರಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು. ಒಂದು ಭಾನುವಾರ ನಮ್ಮನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಅಲ್ಲಿಗೆ ಕರೆದುಕೊಂಡು ಹೋದರು. ಜಲಪಾತ ತೋರಿಸುತ್ತಾರೆ ಎಂದು ಸಿದ್ದರಾಜು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದಿದ್ದ. ಜಲಪಾತದ ಕಡೆಗೆ ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಬೆಟ್ಟದ ಓರೆಯಲ್ಲಿ ಕೆಳಕ್ಕೆ ಇಳಿಯುವ ದಪ್ಪ ಕಬ್ಬಿಣದ ನೀರಿನ ಪೈಪುಗಳ ಹತ್ತಿರ ನಿಲ್ಲಿಸಿ, "ಅಂಗೈ ಇಡ್ರಲಾ" ಎಂದರು. ಅವರ ಬಾಯಲ್ಲಿ ಅಂಗೈ ಅನ್ನುವ ಮಾತು ಕೇಳಿದ್ದು ಅದೇ ಮೊದಲು. ಇಟ್ಟೆವು. ಒಳಗೆ ಕಾವೇರಿ ಇಳಿಯುತ್ತಿದ್ದಳು. ಮೊಣಕೈವರೆಗೆ ನಡುಕ ಹತ್ತಿತು.

"ಈ ನಡುಕವೇ ತಂತೀಲೂ ಇರಾದು. ಇಲ್ಲಿ ಕೈಗೆ ಗೊತ್ತಾಯ್ತದೆ. ಅಲ್ಲಿ ತಂತಿ ಸುಮ್ಕೆ ಬಟ್ಟೆ ಒಣಾಕೋ ಅಗ್ಗದಂಗೆ ಇರ್ತದೆ. ಅದ್ಕೇ ನಂಬಬ್ಯಾಡಿ" ಎಂದರು. ಜಲಪಾತ ನೋಡದೆ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆವು. ಸಿದ್ದರಾಜು ಮಳವಳ್ಳಿ ಬರುವವರೆಗೂ ಗೊಣಗಿದ.

ಇವರ ಎಲ್ಲ ಕಾಟಕ್ಕೂ ತಾಯಿಬೇರು ಒಂದೇ, ಲೈನ್ ಕ್ಲಿಯರು. ಅದು ಏನೂ ಕಷ್ಟದ ವಿಷಯವಲ್ಲ. ಲೈನಿನಲ್ಲಿ ಕೆಲಸ ಮಾಡುವವನು ಸಬ್ ಸ್ಟೇಷನ್ನಿಗೆ ಹೇಳಿ ಕರೆಂಟು ನಿಲ್ಲಿಸಿಕೊಳ್ಳುತ್ತಾನೆ. ಅದು ಲೈನ್ ಕ್ಲಿಯರ್ ತಗೊಳ್ಳುವುದು. ಕೆಲಸ ಮುಗಿಸಿ, ತನ್ನ ಜನರೆಲ್ಲ ಇಳಿದರು ಎಂದು ತಿಳಿಸಿದರೆ ವಾಪಸ್ ಕೊಟ್ಟ ಹಾಗೆ, ಆಮೇಲೆ ಕರೆಂಟು ಬಿಡುತ್ತಾರೆ. ಮೇಷ್ಟ್ರ ಮಂತ್ರ ಒಂದೇ: ತಗೊಂಡವನೇ ವಾಪಸ್ ಕೊಡಬೇಕು. ಅವನ ತಮ್ಮ ಅಲ್ಲ, ಅವನ ಮೇಲಿನವನಲ್ಲ, ದೇವರೇ ಬಂದು ಹೇಳಿದರೂ ಇಲ್ಲ. ಇದು ಅವರ ಮನೆಯಲ್ಲೂ ನಡೆಯುತ್ತಿತ್ತು. ಅವರ ಹೆಂಡತಿ ಒಮ್ಮೆ ನಮಗೆ ಮಜ್ಜಿಗೆ ಕೊಡುತ್ತಾ ಹೇಳಿಕೊಂಡರು: "ಒಂದು ಬಲ್ಬು ಬದ್ಲಾಯ್ಸಕ್ಕೂ ನಾನು ಸ್ವಿಚ್ಚಿನ ತಾವ ಕಾವಲು ನಿಂತ್ಕೋಬೇಕು ಕಣಪ್ಪ. ಒಲೆ ಮ್ಯಾಲೆ ಸಾರು ಉಕ್ಕಿದ್ರೂ ಅಲ್ಲಾಡಂಗಿಲ್ಲ. ಇವ್ರು ಸ್ಟೂಲಿಂದ ಇಳ್ದು ಬಂದು 'ಆಯ್ತು' ಅಂದ್ರೇನೇ ನನ್ಗೆ ಬುಡುಗಡೆ."

ಇಂಥ ಮನುಷ್ಯನಿಗೂ ಒಂದು ಆಸೆ ಇತ್ತು. ಒಂದೇ ಒಂದು. ಆ ತಗಡಿನ ಶೆಡ್ಡು ನಿಜವಾದ ಸ್ಕೂಲಾಗಬೇಕು. ಮಂಡ್ಯದಿಂದ ದೊಡ್ಡ ಸಾಹೇಬರು ಬಂದಾಗಲೆಲ್ಲ ಅವರ ಹಿಂದೆ ಬೀಳುತ್ತಿದ್ದರು. ಕೊನೆಗೆ ಸಾಹೇಬರು ಒಪ್ಪಿದರು. ಕಿರುಗಾವಲಿನ ಆಚೆಯ ಒಂದು ಸಣ್ಣ ಹಳ್ಳಿಗೆ ಹೊಸದಾಗಿ ಕರೆಂಟು ಬರುವುದಿತ್ತು, ಮಂತ್ರಿಗಳು ಬಂದು ಸ್ವಿಚ್ ಒತ್ತುವುದಿತ್ತು. "ಆ ಫಂಕ್ಷನ್ ಚೆನ್ನಾಗಿ ಆಗಲಿ. ಅದೇ ವೇದಿಕೆ ಮೇಲೆ ಮಂತ್ರಿಗಳ ಬಾಯಲ್ಲಿ ನಿಮ್ಮ ಸ್ಕೂಲು ಹೇಳಿಸ್ತೀನಿ" ಎಂದರು. ಮೇಷ್ಟ್ರು ಆ ಸಂಜೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಇಲ್ಲಿ ಪಾಠದ ಕೋಣೆ, ಇಲ್ಲಿ ಹುಡುಗರು ಮಲಗುವುದು, ಇಲ್ಲಿ ಹೊಟ್ಟೆ ಸೀಳಿಟ್ಟ ಟ್ರಾನ್ಸ್‌ಫಾರ್ಮರು, ಒಳಗೇನಿದೆ ಅಂತ ಎಲ್ಲರಿಗೂ ಕಾಣಬೇಕು. ಆ ಗೆರೆ ತುಳಿದರೆ ಬೈಗುಳ. ಬಾಗಿಲಿಗೆ ಬಿಟ್ಟ ಜಾಗದಲ್ಲೇ ನಾವು ಓಡಾಡಬೇಕಿತ್ತು. ಮಳವಳ್ಳಿಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಆ ದಿನಗಳಲ್ಲಿ ಮಾತ್ರ.

ಫಂಕ್ಷನ್ನಿನ ದಿನ ಬೆಳಿಗ್ಗೆ ಆ ಲೈನಿನಲ್ಲಿ ಒಂದು ಪಿಂಗಾಣಿ ಇನ್ಸುಲೇಟರು ಸೀಳಿರುವುದು ಗೊತ್ತಾಯಿತು. ಸಬ್ ಸ್ಟೇಷನ್ನಿನ ಪಾಳಿಯವನಿಗೆ ಜ್ವರ ಬಂದಿದ್ದರಿಂದ ಮೇಷ್ಟ್ರೇ ಡ್ಯೂಟಿಗೆ ನಿಂತಿದ್ದರು. ಹಳೇ ಲೈನ್‌ಮನ್ ಚಿಕ್ಕಣ್ಣ ಅವರ ಎದುರಿಗೇ ನಿಂತು ಲೈನ್ ಕ್ಲಿಯರ್ ತಗೊಂಡು, ಇಬ್ಬರು ಸಹಾಯಕರ ಜೊತೆ ಹೋದ. ಕೆಲಸ ಬೇಗನೇ ಮುಗಿಯಿತು. ಆದರೆ ಆ ದಾರಿಯಲ್ಲೇ ಒಂದು ಊರಿನಲ್ಲಿ ಚಿಕ್ಕಣ್ಣನ ನೆಂಟರ ಬೀಗರೂಟ. ಮದುವೆಯ ಮಾರನೆಯ ದಿನದ ಬಾಡೂಟ ಬಿಟ್ಟು ಬಂದ ನಮ್ಮ ಕಡೆಯವನನ್ನು ನಾನಿನ್ನೂ ಕಂಡಿಲ್ಲ. "ನೀನೇ ಪೋನ್ ಮಾಡಿ ಏಳ್ಬುಡು" ಎಂದು ಒಬ್ಬ ಸಹಾಯಕನಿಗೆ ಹೇಳಿ ಚಿಕ್ಕಣ್ಣ ಎಲೆಯ ಮುಂದೆ ಕೂರಲು ಹೋದ.

ಕಿರುಗಾವಲು ಪೋಸ್ಟಾಫೀಸಿನಿಂದ ಫೋನು ಬಂತು. ಸಹಾಯಕನ ದನಿ ಮೇಷ್ಟ್ರ ಪಕ್ಕದಲ್ಲಿ ನಿಂತಿದ್ದ ನಮಗೂ ಕೇಳುತ್ತಿತ್ತು. "ಎಲ್ಲಾ ಇಳುದ್ವಿ ಸಾ, ಲೈನು ಬುಡಿ."

"ಚಿಕ್ಕಣ್ಣನ ಕೈಗೆ ಕೊಡು."

"ಅವ್ರು ಊಟುಕ್ಕೆ ಓಗವ್ರೆ ಸಾ. ನಾನು ಕಣ್ ಸಾ, ನನ್ ದನಿ ಗೊತ್ತಾಗಕಿಲ್ವಾ?"

"ಗೊತ್ತಾಯ್ತದೆ ಕಣ್ಲಾ. ನೀನು ತಗಂಡಿಲ್ವಲ್ಲ" ಎಂದು ಫೋನಿಟ್ಟರು.

ಸಹಾಯಕ ಸೈಕಲ್ ಹತ್ತಿ ಚಿಕ್ಕಣ್ಣನನ್ನು ಹುಡುಕಲು ಹೋದ. ಚಿಕ್ಕಣ್ಣ ಅಷ್ಟರಲ್ಲಿ ಉಂಡು, ಎಲೆಅಡಿಕೆ ಹಾಕಿ, ಯಾವುದೋ ಹೊಂಗೆ ಮರದಡಿ ಮಲಗಿಬಿಟ್ಟಿದ್ದನಂತೆ. ಇತ್ತ ದೊಡ್ಡ ಸಾಹೇಬರ ಜೀಪು ಸಬ್ ಸ್ಟೇಷನ್ನಿಗೆ ಬಂತು. ಮಂತ್ರಿಗಳು ಮಳವಳ್ಳಿ ದಾಟಿ ಹೋಗಿಯಾಗಿತ್ತು.

"ಏನ್ರೀ ಇದು? ಹುಡುಗ ಫೋನ್ ಮಾಡಿದಾನಂತಲ್ಲ, ಎಲ್ಲಾ ಇಳಿದಿದಾರೆ ಅಂತ. ಲೈನ್ ಚಾರ್ಜ್ ಮಾಡಿ."

"ಅವನು ತಗೊಂಡಿಲ್ಲ ಸಾರ್."

"ನಾನು ಹೇಳ್ತಿದೀನಲ್ಲ!"

"ನೀವೂ ತಗೊಂಡಿಲ್ಲ ಸಾರ್."

ಸಾಹೇಬರ ಮುಖ ಕೆಂಪೇರಿತು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಸ್ಕೂಲು ಇವತ್ತು ಹೇಳಿಸ್ಬೇಕು ಅಂತಿದ್ದೆ ಕಣ್ರೀ. ಸ್ವಲ್ಪ ಯೋಚನೆ ಮಾಡಿ" ಎಂದರು. ಮೇಷ್ಟ್ರು ಒಂದು ಸ್ಟೂಲು ಎಳೆದುಕೊಂಡು ಸ್ವಿಚ್ಚಿನ ಹಿಡಿಯ ಮುಂದೆ ಕೂತುಬಿಟ್ಟರು. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಕೊಟ್ಬುಡಿ ಮೇಷ್ಟ್ರೇ, ನಿಮ್ ಕಾಲಿಗೆ ಬೀಳ್ತೀನಿ. ಲೈನಲ್ಲಿ ಯಾರೂ ಇಲ್ಲ" ಎಂದೆ.

"ಕಂಬದ ಕೆಳಗೆ ನಿಂತ್ಕಂಡು ಕೂಗ್ಬ್ಯಾಡ" ಎಂದರು, ತಿರುಗಿ ನೋಡದೆ.

ಒಂದು ಮಾತು ಹೇಳಬೇಕು. ಸಾಹೇಬರು ಬೇಕಿದ್ದರೆ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ ತಾವೇ ಹಿಡಿ ಎತ್ತಬಹುದಿತ್ತು. ಎತ್ತಲಿಲ್ಲ. ಅದರ ಕಡೆ ನೋಡಿದರು, ಕೈ ಜೇಬಿಗೆ ಹಾಕಿಕೊಂಡರು, ಬೈದರು, ಜೀಪು ಹತ್ತಿ ಹೋದರು. ಆಮೇಲೆ ಈ ಕಥೆ ಹೇಳಿದವರು ಯಾರೂ ಇಷ್ಟನ್ನು ಮಾತ್ರ ಹೇಳಲಿಲ್ಲ.

ಆ ಹಳ್ಳಿಯಲ್ಲಿ ಮಂತ್ರಿಗಳು ಸ್ವಿಚ್ ಒತ್ತಿದರು. ಬಲ್ಬು ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ಆರತಿ ಹಿಡಿದು ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರಂತೆ. "ನಮ್ ಎಣ್ಣೆ ದೀಪವೇ ಚೆಂದಾಗಿತ್ತು ಬುಡಿ ಸಾಮಿ" ಎಂದು ಯಾವನೋ ಮುದುಕ ಅಂದು, ಜನವೆಲ್ಲ ಗೊಳ್ಳೆಂದು, ಮಂತ್ರಿಗಳು ಭಾಷಣ ಮಾಡದೆ ಕಾರು ಹತ್ತಿದರು. ಅವರೆಲ್ಲ ಹೋದ ಮೇಲೆ ಇತ್ತ ನಮ್ಮ ಸಬ್ ಸ್ಟೇಷನ್ನಿನ ಮುಂದೆ ಕಿರುಗಾವಲಿನ ಬಸ್ಸಿನಿಂದ ಚಿಕ್ಕಣ್ಣ ಇಳಿದ. ತುಟಿಯೆಲ್ಲ ಕೆಂಪು. "ಎಲ್ಲಾ ಇಳುದವ್ರೆ ಸಾ" ಎಂದ. ಮೇಷ್ಟ್ರು ಅವನಿಗೆ ಬೈಯಲೂ ಇಲ್ಲ. ಎದ್ದು, ಹಿಡಿ ಎತ್ತಿದರು. ಹಳ್ಳಿಯಲ್ಲಿ ಖಾಲಿ ಶಾಮಿಯಾನದ ಕೆಳಗೆ ಬಲ್ಬು ಹತ್ತಿತು.

ಆ ಲೈನಿನ ಮೇಲೆ ಆವತ್ತು ಕಾಗೆಯೂ ಇರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಒಬ್ಬನಾದರೂ ಕಂಬದ ಮೇಲೆ ಉಳಿದಿದ್ದರೆ, ಮೇಷ್ಟ್ರು ಅವನ ಜೀವ ಉಳಿಸಿದರು ಎಂದು ಪತ್ರಿಕೆಯಲ್ಲಿ ಬರುತ್ತಿತ್ತು, ಹಾರ ಹಾಕುತ್ತಿದ್ದರು. ಆಗದೇ ಹೋದ ಸಾವಿಗೆ ಸಾಕ್ಷಿ ಎಲ್ಲಿಂದ ತರುವುದು?

ವರ್ಗಾವಣೆಯ ಆದೇಶ ಬೇಗನೇ ಬಂತು. ಮಂಡ್ಯದ ಸ್ಟೋರ್ಸು. ಕಂಬ ಕಂಡರೆ ಕಣ್ಣರಳುವ ಮನುಷ್ಯನನ್ನು ಬೋಲ್ಟು ನಟ್ಟು ಅಳೆದು ಕೊಡುವ ಕೆಲಸಕ್ಕೆ ಹಾಕಿದರು. ಶೆಡ್ಡಿಗೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಡ್ರಮ್ಮುಗಳು ಬಂದವು. ಸೀಮೆಸುಣ್ಣದ ಗೆರೆಗಳ ಮೇಲೆಯೇ ಉರುಳಿಸಿ ಜೋಡಿಸಿದರು. ಹೊಸದಾಗಿ ಸೇರಿದ ಹುಡುಗರಿಗೆ ಮತ್ತೆ ಹಗ್ಗ ಹೊರಿಸಿ, ನೋಡಿ ಕಲೀರಿ ಎಂದರು. ಮೇಷ್ಟ್ರು ಹೊರಡುವ ದಿನ ನಾನು ಅವರ ಟ್ರಂಕು ಬಸ್ಸಿನ ಮೇಲೆ ಹಾಕುತ್ತಾ ಜಗಳಕ್ಕೇ ನಿಂತೆ.

"ಏನು ಸಾಧಿಸಿದ್ರಿ ಹೇಳಿ. ಲೈನಲ್ಲಿ ಯಾರೂ ಇರ್ಲಿಲ್ಲ ತಾನೇ?"

"ಇರ್ಲಿಲ್ಲ. ನಿಂಗದು ಯಾವಾಗ ಗೊತ್ತಾಯ್ತು?"

"ಚಿಕ್ಕಣ್ಣ ಬಂದ್ಮೇಲೆ."

"ನಂಗೂ ಆವಾಗ್ಲೇ ಗೊತ್ತಾಗಿದ್ದು ಕಣ್ಲಾ."

ಬಸ್ಸು ಹೋಯಿತು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತು ಒಬ್ಬನೇ ಬೈದುಕೊಂಡೆ. ಯಾರನ್ನು ಅಂತ ಕೇಳಬೇಡಿ.

ಆ ದಶಕ ಮುಗಿಯುವ ಹೊತ್ತಿಗೆ ನಾನು ಕಿರುಗಾವಲು ಕಡೆಯ ಲೈನ್‌ಮನ್. ನಮ್ಮ ಗುಂಪಿನವರೆಲ್ಲ ಮಳವಳ್ಳಿ ತಾಲ್ಲೂಕಿನಲ್ಲೇ ಅಲ್ಲಲ್ಲಿ ಇದ್ದೆವು. ಒಂದು ದಿನ ಇನ್ಸುಲೇಟರ್ ತರಲು ಮಂಡ್ಯ ಸ್ಟೋರ್ಸಿಗೆ ಹೋದೆ. ಮೇಷ್ಟ್ರು ಕಬ್ಬಿಣದ ರ್‍ಯಾಕುಗಳ ನಡುವೆ ಕೂತಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದ್ದೇ ಒಬ್ಬೊಬ್ಬರನ್ನಾಗಿ ವಿಚಾರಿಸಿದರು.

"ಸಿದ್ದರಾಜು ಎಂಗವ್ನೆ? ಈಗಲೂ ಕಂಬದ ಮ್ಯಾಲಿಂದ ಬೈತಾನಾ?"

"ಇಲ್ಲ ಮೇಷ್ಟ್ರೇ. ಇಳಿದ್ಮೇಲೆ ಬೈತಾನೆ."

ಮೇಷ್ಟ್ರು ಬಾಯಿ ತುಂಬ ನಕ್ಕರು. "ಮಿಕ್ಕೋರು?"

"ಎಲ್ಲಾರೂ ಚೆನ್ನಾಗವ್ರೆ. ಯಾರ್ಗೂ ಒಂದು ಗಾಯ ಇಲ್ಲ."

ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಒಂದು ಇನ್ಸುಲೇಟರನ್ನು ಬೆಳಕಿಗೆ ಹಿಡಿದು, ಸೀಳು ಇದೆಯೇ ಎಂದು ತಿರುಗಿಸಿ ನೋಡಿ, ನನ್ನ ಮುಂದಿಟ್ಟರು. ಹೊಸ ಹುಡುಗರನ್ನು ಬೇರೆ ಕಡೆಯಲ್ಲೆಲ್ಲ ಏನೂ ಕಲಿಸದೆ ಹಾಗೇ ಕಂಬ ಹತ್ತಿಸುತ್ತಿದ್ದಾರೆ ಎಂದು ನಾನು ದೂರು ಶುರು ಮಾಡಿದೆ. "ಸಾಹೇಬ್ರ ಹತ್ರ ಇನ್ನೊಂದು ಸಲ ಹೋಗಿ ಮೇಷ್ಟ್ರೇ. ಮಳವಳ್ಳಿ ಸ್ಕೂಲು ಕೇಳಿ."

"ಓಗಿದ್ದೆ. ಓದ ತಿಂಗಳು."

"ಏನಂದ್ರು?"

"'ಮಳವಳ್ಳಿ ಕಡೆ ಇಷ್ಟು ವರ್ಷದಲ್ಲಿ ಒಬ್ಬನೂ ಸತ್ತಿಲ್ವಲ್ರೀ, ಅಲ್ಲಿ ಸ್ಕೂಲ್ ಯಾಕೆ' ಅಂದ್ರು."

ನನ್ನ ಮೈಗೆ ಬೆಂಕಿ ಹತ್ತಿತು. "ನೀವೇನಂದ್ರಿ? ಸುಮ್ನೆ ಬಂದ್ಬುಟ್ರಾ?"

ಮೇಷ್ಟ್ರು ಇನ್ನೊಂದು ಇನ್ಸುಲೇಟರ್ ಎತ್ತಿಕೊಂಡು ಬೆಳಕಿಗೆ ಹಿಡಿದರು.

"ಇನ್ನೇನನ್ಲಾ? ಒಂದು ಇಸ್ಕೂಲಿಗೋಸ್ಕರ ನಿಮ್ಮಲ್ಲಿ ಒಬ್ಬನ್ನ ಸಾಯಿ ಅನ್ನಕ್ಕಾಯ್ತದಾ?"